ಜಾತಕದಲ್ಲಿ ಗಜಕೇಸರಿ, ಹಂಸ, ನೀಚಭಂಗ ಯೋಗ (ಫಲ ಹೇಳುವ ಗ್ರಹಗಳ ಜೋಡಣೆ) ಎಲ್ಲವೂ ಇದೆ ಅಂತ ಜ್ಯೋತಿಷ ಆಪ್ ಹೇಳುತ್ತೆ. ಎಷ್ಟು ನಂಬೋದು, ದುಡಿಮೆಗೆ ಎಷ್ಟು ಬಿಡೋದು?

ಕುತೂಹಲಿ

ಚರ್ಚೆಗೆಂದೇ ಒಂದು ಮಾದರಿ ಕುಂಡಲಿ ಮಾಡಿದ್ದೇನೆ, ಯಾರ ಜಾತಕವೂ ಅಲ್ಲ. ಲಾಹಿರಿ ಅಯನಾಂಶ (ರಾಶಿಚಕ್ರದ ಆರಂಭಬಿಂದು ಹೊಂದಿಸುವ ಲೆಕ್ಕ).

ಕನ್ಯಾ ಲಗ್ನ (ಒಂದನೇ ಮನೆ) 12°
ಚಂದ್ರ ಧನು 20° (ಪೂರ್ವಾಷಾಢ)
ರವಿ ಮೀನ 5°, ಗುರು ಮೀನ 13°, ಬುಧ ಮೀನ 17°
ಕುಜ ಮೇಷ 25°, ಶುಕ್ರ ಮಕರ 26°, ಶನಿ ವೃಶ್ಚಿಕ 27°
(ರಾಹು-ಕೇತು ಸದ್ಯಕ್ಕೆ ಬೇಡ)

ಸಾಮಾನ್ಯ ಆಪ್‌ಗಳ ನಿಯಮ ಹಾಕಿದರೆ ಇದರಲ್ಲಿ ಎಂಟು ಯೋಗ ಸಿಗುತ್ತವೆ: ಗಜಕೇಸರಿ, ಹಂಸ, ನೀಚಭಂಗ ರಾಜಯೋಗ, ಬುಧಾದಿತ್ಯ, ಸರಳ (ವಿಪರೀತ ರಾಜಯೋಗ), ದುರುಧರಾ, ವೇಶಿ, ಪಾಶ. ಇಂಥ ಪಟ್ಟಿ ಕೈಗೆ ಬಂದವರು ಎರಡು ದಾರಿ ಹಿಡೀತಾರೆ. ಒಂದೋ ಯೋಗ ತಾನಾಗೇ ಫಲ ಕೊಡುತ್ತೆ ಅಂತ ಕಾಯ್ತಾರೆ, ಇಲ್ಲಾ ಫಲ ಕಾಣಲಿಲ್ಲ ಅಂತ ಪರಿಹಾರಕ್ಕೆ ದುಡ್ಡು ಸುರೀತಾರೆ. ಪಟ್ಟಿಯನ್ನು ಸೋಸುವ ಕ್ರಮ ತಿಳಿದವರು ಹೇಳಿ. ಸೋಸಿದ ಮೇಲೆ ಪುರುಷಪ್ರಯತ್ನಕ್ಕೆ ಎಲ್ಲಿ ಜಾಗ ಅನ್ನೋದನ್ನೂ ಹೇಳಿ.

ಸಂದೇಹಿ

ಮೊದಲು ಗಣಿತ ನೋಡಿ, ಆಮೇಲೆ ಫಲ.

ಗಜಕೇಸರಿಗೆ ಬೇಕಾದ್ದು ಚಂದ್ರನಿಂದ 1, 4, 7, 10ರಲ್ಲಿ (ಇವೇ ಕೇಂದ್ರ) ಗುರು. ಹನ್ನೆರಡರಲ್ಲಿ ನಾಲ್ಕು ಮನೆ, ಅಂದರೆ ಮೂವರಲ್ಲಿ ಒಬ್ಬರಿಗೆ ಇದು ಇದ್ದೇ ಇರುತ್ತೆ. ಚಂದ್ರ ರಾಶಿಚಕ್ರ ಸುತ್ತೋಕೆ 27 ದಿನ ಚಿಲ್ಲರೆ, ಅದರಲ್ಲಿ ಒಂಬತ್ತು ದಿನ ಹುಟ್ಟಿದ ಮಕ್ಕಳಿಗೆಲ್ಲ ಗಜಕೇಸರಿ.

ಪಂಚ ಮಹಾಪುರುಷ ಯೋಗ (ಹಂಸ ಇದರಲ್ಲಿ ಒಂದು; ಗ್ರಹ ಸ್ವಂತ ರಾಶಿಯಲ್ಲೋ ಬಲ ಹೆಚ್ಚುವ ಉಚ್ಚರಾಶಿಯಲ್ಲೋ ಇದ್ದು, ಅದು ಲಗ್ನದಿಂದ ಕೇಂದ್ರವಾಗಬೇಕು): ಕುಜ, ಗುರು, ಶುಕ್ರ, ಶನಿಗೆ ಸ್ವಕ್ಷೇತ್ರ-ಉಚ್ಚ ಸೇರಿ ತಲಾ ಮೂರು ರಾಶಿ. ಬುಧನಿಗೆ ಎರಡೇ, ಯಾಕಂದ್ರೆ ಕನ್ಯೆ ಎರಡೂ ಹೌದು. ರಾಶಿ ಕೂಡಿಬರುವ ಸಾಧ್ಯತೆ ಕಾಲು ಭಾಗ, ಆ ರಾಶಿ ಕೇಂದ್ರವಾಗುವ ಸಾಧ್ಯತೆ ಮೂರರಲ್ಲಿ ಒಂದು. ಒಟ್ಟು 12ರಲ್ಲಿ 1. ಬುಧನಿಗೆ 18ರಲ್ಲಿ 1. ಐದರಲ್ಲಿ ಒಂದಾದರೂ ಇರುವ ಸಾಧ್ಯತೆ ಲೆಕ್ಕ ಹಾಕಿದರೆ ಸುಮಾರು 33%. ಇನ್ನೊಮ್ಮೆ ಮೂವರಲ್ಲಿ ಒಬ್ಬ ‘ಮಹಾಪುರುಷ’.

ಬುಧಾದಿತ್ಯ, ಅಂದರೆ ರವಿ-ಬುಧ ಒಂದೇ ರಾಶಿಯಲ್ಲಿರೋದು, ಹೆಚ್ಚುಕಡಿಮೆ ಅರ್ಧ ಜನಕ್ಕೆ. ಬುಧ ಸೂರ್ಯನಿಂದ 28° ದಾಟಿ ಹೋಗೋದೇ ಇಲ್ಲ, ಪಾಪ ಎಲ್ಲಿಗೆ ಹೋದಾನು.

ಪಾಶ ಅಂತೂ ತಮಾಷೆ. ಏಳು ಗ್ರಹ ಎಷ್ಟು ರಾಶಿಯಲ್ಲಿ ಹಂಚಿಕೊಂಡಿವೆ ಅಂತ ಎಣಿಸಿ ಹೆಸರಿಡುವ ಸಂಖ್ಯಾಯೋಗ ಅದು. ಒಂದು ರಾಶಿಯಾದರೆ ಗೋಳ, ಐದಾದರೆ ಪಾಶ, ಏಳಾದರೆ ವೀಣಾ. ಈ ಎಣಿಕೆಗೆ ಸಿಗದ ಜಾತಕ ಭೂಮಿ ಮೇಲಿಲ್ಲ.

ತ್ರಿಕೋಣ

ಸಂದೇಹಿಯವರ ಲೆಕ್ಕ ಸರಿ, ಅದನ್ನು ಜ್ಯೋತಿಷಿಗಳೇ ಮೊದಲು ಹೇಳಬೇಕಿತ್ತು. ಆದರೆ ಅವರು ಲೆಕ್ಕ ಹಾಕಿದ್ದು ಆಪ್‌ನ ನಿಯಮಕ್ಕೆ. ಪರಾಶರ ಹೋರೆ ಅನ್ನೋ ಗ್ರಂಥದಲ್ಲಿ ಗಜಕೇಸರಿಗೆ ಕೇಂದ್ರಸ್ಥಾನ ಒಂದೇ ಸಾಲದು. ಗುರುವಿಗೆ ಶುಭಗ್ರಹದ ಯುತಿ (ಒಂದೇ ರಾಶಿಯಲ್ಲಿ ಜೊತೆ) ಅಥವಾ ದೃಷ್ಟಿ ಇರಬೇಕು. ನೀಚ (ಉಚ್ಚಕ್ಕೆ ಎದುರು, ಬಲಗುಂದುವ ರಾಶಿ), ಅಸ್ತ (ರವಿಗೆ ತೀರಾ ಹತ್ತಿರ), ಶತ್ರುಕ್ಷೇತ್ರ ಮೂರೂ ಇರಬಾರದು. ಫಲದೀಪಿಕೆಯಲ್ಲಿ ಚಂದ್ರನಿಂದ ಕೇಂದ್ರ ಅಂತಷ್ಟೇ ಇದೆ. ಆಪ್‌ಗಳು ಹಿಡಿದಿರೋದು ಈ ಎರಡನೇದನ್ನ, ಪ್ರೋಗ್ರಾಂ ಬರೆಯೋಕೆ ಅದೇ ಸುಲಭ.

ಈ ಮಾದರಿಯಲ್ಲಿ ಗುರು-ರವಿ ಅಂತರ 8°. ಗುರುವಿನ ಅಸ್ತಮಿತಿ 11°. ಪರಾಶರರ ಷರತ್ತಿನ ಪ್ರಕಾರ ಗಜಕೇಸರಿ ಇಲ್ಲಿಗೇ ಮುಗೀತು.

ಹಂಸಕ್ಕೆ ಬರೋಣ. ಈ ಐದು ಮಹಾಪುರುಷ ಯೋಗ ಎಲ್ಲ ಲಗ್ನಕ್ಕೂ ಆಗೋದಿಲ್ಲ ಅನ್ನೋದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ.

ಹಂಸ: ಚರ ಲಗ್ನಕ್ಕೆ (ಮೇಷ, ಕಟಕ, ತುಲೆ, ಮಕರ) ಕಟಕದ ಗುರುವಿನಿಂದ, ದ್ವಿಸ್ವಭಾವ ಲಗ್ನಕ್ಕೆ (ಮಿಥುನ, ಕನ್ಯೆ, ಧನು, ಮೀನ) ಧನು-ಮೀನದಿಂದ. ಸ್ಥಿರ ಲಗ್ನಕ್ಕೆ (ವೃಷಭ, ಸಿಂಹ, ವೃಶ್ಚಿಕ, ಕುಂಭ) ಯಾವತ್ತೂ ಇಲ್ಲ.
ಭದ್ರ (ಬುಧ): ದ್ವಿಸ್ವಭಾವಕ್ಕೆ ಮಾತ್ರ.
ರುಚಕ (ಕುಜ), ಶಶ (ಶನಿ): ಚರ ಮತ್ತು ಸ್ಥಿರಕ್ಕೆ. ದ್ವಿಸ್ವಭಾವಕ್ಕೆ ಇಲ್ಲ.
ಮಾಲವ್ಯ (ಶುಕ್ರ): ಎಲ್ಲಕ್ಕೂ ಸಾಧ್ಯ.

ಸಿಂಹ ಲಗ್ನದವರಿಗೆ ಹಂಸ ಯೋಗ ಅಂತ ಯಾರಾದರೂ ಬರೆದುಕೊಟ್ಟಿದ್ದರೆ ಚಂದ್ರಲಗ್ನದಿಂದ ಎಣಿಸಿರಬೇಕು, ಇಲ್ಲಾ ಎಣಿಸಿಯೇ ಇಲ್ಲ.

ಇನ್ನು ಮಿಥುನ, ಕನ್ಯೆಗೆ ಹಂಸ ಆದಾಗ ಬಾಲದಲ್ಲಿ ಒಂದು ತೊಡಕು ಅಂಟಿಕೊಂಡೇ ಬರುತ್ತೆ. ಕನ್ಯೆಗೆ ಗುರು 4 ಮತ್ತು 7ರ ಒಡೆಯ, ಎರಡೂ ಕೇಂದ್ರ. ಶುಭಗ್ರಹ ಕೇಂದ್ರಕ್ಕೆ ಒಡೆಯನಾದರೆ ಕೇಂದ್ರಾಧಿಪತ್ಯ ದೋಷ, ಅದು ಗುರು-ಶುಕ್ರರಿಗೆ ಎಲ್ಲಕ್ಕಿಂತ ಬಲವತ್ತರ ಅನ್ನುತ್ತೆ ಲಘು ಪಾರಾಶರಿ. ಅವರು ಮಾರಕಸ್ಥಾನದಲ್ಲೇ (2, 7ನೇ ಮನೆ) ಕೂತರೆ ಇನ್ನೂ ಕಷ್ಟ. ಇಲ್ಲಿ ಗುರು 7ರಲ್ಲೇ ಇದ್ದಾನೆ. ದ್ವಿಸ್ವಭಾವ ಲಗ್ನಕ್ಕೆ 7 ಬಾಧಕಸ್ಥಾನವೂ (ಅಡ್ಡಿಯ ಮನೆ) ಹೌದು. ಬಾಧಕ, ಮಾರಕ, ಕೇಂದ್ರಾಧಿಪತಿ, ಅಸ್ತ. ಇದರ ಮೇಲೆ ಕನಕ ಪುಷ್ಯರಾಗ (ಗುರುವಿನ ರತ್ನ) ಹಾಕಿಸುವವರಿದ್ದಾರೆ! ‘ಯೋಗಕಾರಕ ಗ್ರಹದ ರತ್ನ’ ಅಂತ ಅಂಗಡಿಯವರು ಹೇಳಿದರೆ ಕನ್ಯಾ ಲಗ್ನಕ್ಕೆ ಗುರು ಯೋಗಕಾರಕ ಹೇಗಾದ ಅಂತ ಕೇಳಿ. ಒಂದೇ ಗ್ರಹ ಕೇಂದ್ರಕ್ಕೂ ತ್ರಿಕೋಣಕ್ಕೂ (5, 9ನೇ ಮನೆ) ಒಡೆಯನಾಗಿ ಯೋಗಕಾರಕನಾಗೋದು ಆರು ಲಗ್ನಕ್ಕೆ ಮಾತ್ರ: ವೃಷಭ-ತುಲೆಗೆ ಶನಿ, ಕಟಕ-ಸಿಂಹಕ್ಕೆ ಕುಜ, ಮಕರ-ಕುಂಭಕ್ಕೆ ಶುಕ್ರ.

ಅಷ್ಟಕವರ್ಗ

ತ್ರಿಕೋಣ ಅವರೇ, ಗುರುವನ್ನು ಪೂರ್ತಿ ಹೊಡೆದುಹಾಕಿಬಿಟ್ಟಿರಿ. ಕೇಂದ್ರಾಧಿಪತ್ಯ ಮಾತಾಡೋದು ದಶಾಫಲದ (ಆ ಗ್ರಹದ ಕಾಲ ನಡೆಯುವಾಗಿನ ಫಲದ) ಬಗ್ಗೆ. ಸ್ವಕ್ಷೇತ್ರದ ಗುರುವಿನ ಗುಣ, ಅಂದರೆ ಓದು, ವಿವೇಚನೆ, ಸಲಹೆ ಕೊಡುವ ಶಕ್ತಿ, ಇದು ದಶೆ ಬರಲಿ ಬಿಡಲಿ ಇರುತ್ತೆ. ಬಾಲಾದಿ ಅವಸ್ಥೆ (ರಾಶಿಯ ಡಿಗ್ರಿ ಹಿಡಿದು ಗ್ರಹದ ವಯಸ್ಸು ಹೇಳೋದು) ನೋಡಿ: ಮೀನ ಸಮರಾಶಿ, ಆದ್ದರಿಂದ ಕ್ರಮ ತಿರುಗುಮುರುಗು. 0ರಿಂದ 6 ಮೃತ, 6ರಿಂದ 12 ವೃದ್ಧ, 12ರಿಂದ 18 ಯುವ. ಗುರು 13°, ಯುವಾವಸ್ಥೆ, ಪೂರ್ಣಫಲ. ಒಂದೂವರೆ ಡಿಗ್ರಿ ಹಿಂದಿದ್ದರೆ ವೃದ್ಧ.

ನವಾಂಶದಲ್ಲಿ (ರಾಶಿಯ ಒಂಬತ್ತನೇ ಒಂದು ಭಾಗ, 3°20') ಮಾತ್ರ ಸಮಾಧಾನವಿಲ್ಲ. ಮೀನದ ನವಾಂಶ ಕಟಕದಿಂದ ಶುರು, 13° ಅಂದರೆ ನಾಲ್ಕನೇದು, ತುಲೆ. ಶತ್ರುಕ್ಷೇತ್ರ. ಮೊದಲ 3°20'ರಲ್ಲಿದ್ದರೆ ಉಚ್ಚ ನವಾಂಶ, ಕೊನೆಯ 3°20'ರಲ್ಲಿದ್ದರೆ ವರ್ಗೋತ್ತಮ (ರಾಶಿ, ನವಾಂಶ ಎರಡೂ ಒಂದೇ) ಆಗ್ತಿತ್ತು.

ಬಲ ಅಳೆಯೋಕೆ ಎರಡು ಸಂಖ್ಯೆ ಸಾಕು, ಬಹುತೇಕ ಎಲ್ಲ ಸಾಫ್ಟ್‌ವೇರ್ ಕೊಡುತ್ತೆ. ಷಡ್ಬಲದಲ್ಲಿ (ಆರು ಬಗೆಯ ಬಲದ ಮೊತ್ತ) ಗುರುವಿಗೆ ಕನಿಷ್ಠ 6.5 ರೂಪ (ಅದರ ಅಳತೆ) ಬೇಕು (ಶನಿ-ಕುಜರಿಗೆ 5, ಶುಕ್ರನಿಗೆ 5.5, ಚಂದ್ರನಿಗೆ 6, ಬುಧನಿಗೆ 7). ಭಿನ್ನಾಷ್ಟಕವರ್ಗದಲ್ಲಿ (ಗ್ರಹಕ್ಕೆ ರಾಶಿವಾರು ಬಿಂದು ಎಣಿಸೋದು) ಗುರುವಿನ ಒಟ್ಟು ಬಿಂದು 56, ರಾಶಿಗೆ ಸರಾಸರಿ 4.67. ಕೂತ ರಾಶಿಯಲ್ಲಿ 5 ಅಥವಾ ಮೇಲಿದ್ದರೆ ಯೋಗಕ್ಕೆ ಉಸಿರಿದೆ, 3 ಮತ್ತು ಕೆಳಗಿದ್ದರೆ ಹೆಸರಷ್ಟೇ. ಚಂದ್ರನನ್ನೂ ಮರೀಬೇಡಿ, ಗಜಕೇಸರಿಯಲ್ಲಿ ಅವನದ್ದು ಅರ್ಧ ಪಾಲು. ಇಲ್ಲಿ ರವಿಯಿಂದ 75° ದೂರದ ಕ್ಷೀಣಚಂದ್ರ, ಪಕ್ಷಬಲ 60ಕ್ಕೆ 25.

ಸಂದೇಹಿ

ನೀಚಭಂಗ, ಅಂದರೆ ನೀಚದೋಷ ರದ್ದಾಗೋದು, ಅದರ ಮೇಲೂ ಒಂದು ಲೆಕ್ಕ. ನೀಚರಾಶಿಯ ಅಧಿಪತಿ ಲಗ್ನದಿಂದಲೋ ಚಂದ್ರನಿಂದಲೋ ಕೇಂದ್ರದಲ್ಲಿದ್ದರೆ ಭಂಗ. ಇದೊಂದೇ ಷರತ್ತು ಈಡೇರುವ ಸಾಧ್ಯತೆ 9ರಲ್ಲಿ 5. ಆ ಗ್ರಹದ ಉಚ್ಚರಾಶಿಯ ಅಧಿಪತಿಗೂ ಇದೇ ನಿಯಮ ಸೇರಿಸಿ: ಎರಡರಲ್ಲಿ ಒಂದಾದರೂ ಈಡೇರುವ ಸಾಧ್ಯತೆ 81ರಲ್ಲಿ 65, ಅಂದರೆ 80%. ಐದು ನೀಚಗ್ರಹದಲ್ಲಿ ನಾಲ್ಕಕ್ಕೆ ಭಂಗ. ಇನ್ನೂ ಎರಡು-ಮೂರು ಷರತ್ತು ಸೇರಿಸಿದರೆ ನೀಚತ್ವ ಅನ್ನೋದೇ ಉಳಿಯೋದಿಲ್ಲ.

ಕಟಕದ ಕುಜನನ್ನು ತಗೊಳ್ಳಿ. ರಾಶ್ಯಧಿಪತಿ ಚಂದ್ರ. ಚಂದ್ರ ಚಂದ್ರನಿಂದ ಕೇಂದ್ರದಲ್ಲಿದ್ದಾನೆಯೇ? ಯಾವತ್ತೂ ಇದ್ದಾನೆ, ಒಂದನೇ ಮನೆಯಲ್ಲಿ! ಅಕ್ಷರಕ್ಕೆ ಅಕ್ಷರ ಹಿಡಿದರೆ ಕಟಕದ ಕುಜ ನೀಚ ಆಗೋಕೆ ಸಾಧ್ಯವೇ ಇಲ್ಲ. ಮಕರದ ಗುರುವೂ ಅಷ್ಟೇ, ಅವನ ಉಚ್ಚರಾಶಿಯ ಅಧಿಪತಿ ಚಂದ್ರ. ಆಪ್‌ಗಳು ಇದನ್ನು ಕಣ್ಣುಮುಚ್ಚಿ ರಾಜಯೋಗ ಅಂತ ಛಾಪಿಸುತ್ತವೆ.

ತ್ರಿಕೋಣ

ಆ ಕಾರಣಕ್ಕೇ ಭಂಗ ಬೇರೆ, ರಾಜಯೋಗ ಬೇರೆ ಅಂತ ಇಟ್ಟುಕೊಳ್ಳಬೇಕು. ಭಂಗ ಅಂದರೆ ದೋಷದ ಪರಿಹಾರ, ಸಾಲ ತೀರಿದ ಹಾಗೆ. ಕೈಯಲ್ಲಿ ಬಂಡವಾಳ ಬಂತು ಅಂತಲ್ಲ. ಒಂದು ಷರತ್ತಿಗೆ ರಾಜಯೋಗ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಕನಿಷ್ಠ ಎರಡು ಬೇಕು, ಜೊತೆಗೆ ನೀಚಗ್ರಹ ಒಳ್ಳೆಯ ಭಾವದ ಒಡೆಯನಾಗಿರಬೇಕು.

ಮಾದರಿಯಲ್ಲಿ ಬುಧನ ಸ್ಥಿತಿ ಅಷ್ಟೇನೂ ಕೆಟ್ಟಿಲ್ಲ. ಮೀನಾಧಿಪತಿ ಗುರು ಲಗ್ನದಿಂದ 7, ಚಂದ್ರನಿಂದ 4, ಎರಡೂ ಕಡೆ ಕೇಂದ್ರ, ಮೇಲಾಗಿ ಬುಧನ ಜೊತೆಗೇ ಇದ್ದಾನೆ. ಮೀನದಲ್ಲಿ ಉಚ್ಚವಾಗುವ ಶುಕ್ರ ಮಕರದಲ್ಲಿದ್ದಾನೆ, ಲಗ್ನದಿಂದ 5, ಚಂದ್ರನಿಂದ 2, ಅಲ್ಲಿ ಷರತ್ತು ತಪ್ಪಿತು. ಬುಧ ಲಗ್ನಾಧಿಪತಿ, 7ರಿಂದ ತನ್ನದೇ ಲಗ್ನ ನೋಡ್ತಾನೆ. ಆದರೆ ರವಿಯಿಂದ 12° ಅಷ್ಟೇ ದೂರ, ಅಸ್ತಮಿತಿ 14°. ಭಂಗ ಹೌದು, ರಾಜಯೋಗ ಅಲ್ಲ.

ಸರಳ ಯೋಗ ನಿಜವಾಗಿ ಪರೀಕ್ಷೆಗೆ ನಿಲ್ಲುತ್ತೆ. 8ರ ಒಡೆಯ ಕುಜ 8ರಲ್ಲೇ. ಉತ್ತರಕಾಲಾಮೃತದ ಷರತ್ತು, ಬೇರೆ ಭಾವಾಧಿಪತಿಗಳ ಸಂಬಂಧ ಇರಬಾರದು. ಮೇಷಕ್ಕೆ ಯಾರ ದೃಷ್ಟಿಯೂ ಇಲ್ಲ.

ಅಷ್ಟಕವರ್ಗ

ಕುಜನ ಎಂಟನೇ ದೃಷ್ಟಿ ವೃಶ್ಚಿಕದ ಶನಿಯ ಮೇಲಿದೆ, ಶನಿ ಕುಜನ ಮನೆಯಲ್ಲೇ ಇದ್ದಾನೆ. ಶನಿ 5ಕ್ಕೂ ಒಡೆಯ. ಸಂಬಂಧ ಇಲ್ಲ ಅನ್ನೋಕಾಗಲ್ಲ.

ತ್ರಿಕೋಣ

ಏಕಮುಖ ದೃಷ್ಟಿ, ಪರಸ್ಪರ ಅಲ್ಲ. ಆದರೂ ಮಾತು ಒಪ್ಪಬೇಕಾದ್ದೇ, ಮುಕ್ಕಾಲು ಯೋಗ ಅನ್ನೋಣ.

ಕುತೂಹಲಿ

ಎಂಟರಲ್ಲಿ ಪಾಶ, ಬುಧಾದಿತ್ಯ ಬಿದ್ದವು, ಗಜಕೇಸರಿ ಗ್ರಂಥದ ಮೇಲೆ ನಿಂತಿದೆ, ಹಂಸಕ್ಕೆ ತೊಡಕು, ನೀಚಭಂಗ ಅರ್ಧ, ಸರಳ ಮುಕ್ಕಾಲು. ದುರುಧರಾ, ವೇಶಿ ಯಾರೂ ಮುಟ್ಟಲಿಲ್ಲ. ಉಳಿದದ್ದು ಯಾವಾಗ ಫಲ ಕೊಡುತ್ತೆ?

ದಶಾನಾಥ

ಯೋಗ ಎಷ್ಟೇ ಗಟ್ಟಿ ಇರಲಿ, ದಶೆ ಬರದಿದ್ದರೆ ಕಾಗದದ ಮೇಲೇ ಉಳಿಯುತ್ತೆ. ದಶೆ ಶುರುವಾಗೋದು ಚಂದ್ರನ ನಕ್ಷತ್ರದ ಒಡೆಯನಿಂದ, ಇಲ್ಲಿ ಶುಕ್ರ. ಪೂರ್ವಾಷಾಢ 13°20'ರಿಂದ 26°40'. ಚಂದ್ರ 20°, ನಡುಮಧ್ಯ. ಶುಕ್ರದಶೆ 20 ವರ್ಷದಲ್ಲಿ ಶಿಷ್ಟ (ಹುಟ್ಟುವಾಗ ಉಳಿದದ್ದು) 10. ಅಲ್ಲಿಂದ ರವಿ 16ರ ತನಕ, ಚಂದ್ರ 26, ಕುಜ 33, ರಾಹು 51, ಗುರು 51ರಿಂದ 67. ‘ಹಂಸ’ದ ಮಹಾದಶೆ ಶುರುವಾಗೋದೇ 51ನೇ ವಯಸ್ಸಿಗೆ. ಪುಷ್ಯ ನಕ್ಷತ್ರದವರ ಪಾಡು ಇನ್ನೂ ವಿಚಿತ್ರ: ಶನಿಯಿಂದ ಶುರುವಾಗಿ ಗುರುದಶೆ ಕೊನೆಯದು, ಎಷ್ಟೇ ಬೇಗ ಅಂದರೂ 85ರ ನಂತರ.

ಆದರೆ ಭುಕ್ತಿ (ದಶೆಯೊಳಗಿನ ಉಪಕಾಲ) ಪ್ರತಿ ದಶೆಯಲ್ಲೂ ಬರುತ್ತೆ. ಲೆಕ್ಕ ಸುಲಭ: ದಶಾವರ್ಷವನ್ನು ಭುಕ್ತಿನಾಥನ ವರ್ಷದಿಂದ ಗುಣಿಸಿ 10ರಿಂದ ಭಾಗಿಸಿ, ತಿಂಗಳು ಸಿಗುತ್ತೆ. ಬಾಲ್ಯದವನ್ನು ಬಿಟ್ಟರೆ ಈ ಜಾತಕಕ್ಕೆ ಗುರುಭುಕ್ತಿಗಳು:

ಚಂದ್ರದಶೆಯಲ್ಲಿ 16 ತಿಂಗಳು: 18 ವರ್ಷ 11 ತಿಂಗಳಿಂದ 20 ವರ್ಷ 3 ತಿಂಗಳು.
ಕುಜದಶೆಯಲ್ಲಿ 11.2 ತಿಂಗಳು: ಸುಮಾರು 27 ವರ್ಷ 5 ತಿಂಗಳಿಂದ 28 ವರ್ಷ 4 ತಿಂಗಳು.
ರಾಹುದಶೆಯಲ್ಲಿ 28.8 ತಿಂಗಳು: 35 ವರ್ಷ 8 ತಿಂಗಳಿಂದ 38 ವರ್ಷ 1 ತಿಂಗಳು.

ಇದರ ಬೆನ್ನಿಗೇ ರಾಹು-ಶನಿ, 34.2 ತಿಂಗಳು, 40 ವರ್ಷ 11 ತಿಂಗಳ ತನಕ. ಅದನ್ನು ಯಾಕೆ ಹೇಳಿದೆ ಅಂದರೆ, ಪ್ರಯತ್ನದ ಪ್ರಶ್ನೆಗೆ ಉತ್ತರ ಇರೋದು ಶನಿಯಲ್ಲಿ.

ಗುರುವಿನ ದೃಷ್ಟಿ ಎಲ್ಲೆಲ್ಲಿ ಬೀಳುತ್ತೆ ನೋಡಿ. ಮೀನದಿಂದ ಐದನೇದು ಕಟಕ, ಲಗ್ನಕ್ಕೆ 11. ಏಳನೇದು ಲಗ್ನ. ಒಂಬತ್ತನೇದು ವೃಶ್ಚಿಕ, ಲಗ್ನಕ್ಕೆ 3, ಅಲ್ಲಿ ಶನಿ. ಮೂರನೇ ಮನೆ ಪರಾಕ್ರಮಸ್ಥಾನ: ಕೈಯ ದುಡಿಮೆ, ಅಭ್ಯಾಸ, ಬರವಣಿಗೆ, ಧೈರ್ಯ. 3, 6, 10, 11 ಉಪಚಯ. ಪಾಪಗ್ರಹ ಅಲ್ಲಿದ್ದರೆ ಕಾಲ ಕಳೆದಂತೆ ಫಲ ಬೆಳೆಯುತ್ತೆ, ಮೊದಲ ದಿನವೇ ಕೊಡೋದಿಲ್ಲ. ಅದರಲ್ಲೂ ಶನಿ. ಹಾಗಾಗಿ ಈ ಕುಂಡಲಿಯ ದೊಡ್ಡ ಯೋಗ ತಾನಾಗಿ ಏನನ್ನೂ ಸುರಿಯೋದಿಲ್ಲ. ಶುಭದೃಷ್ಟಿ ಬಿದ್ದಿರೋದೇ ದುಡಿಮೆಯ ಮನೆಯ ಮೇಲೆ ಮತ್ತು ಲಾಭದ ಮನೆಯ ಮೇಲೆ. ಮೂರನ್ನು ನಡೆಸಿದರೆ ಹನ್ನೊಂದು ಓಗೊಡುತ್ತೆ. ಯೋಗದ ಹೆಸರಿಗಿಂತ ಅದು ನೋಡುವ ಮನೆ ಮುಖ್ಯ ಅನ್ನೋದು ಇದಕ್ಕೇ.

ಪಂಚಾಂಗಪ್ರಿಯ

ಶಾಸ್ತ್ರದಲ್ಲಿ ಪ್ರಯತ್ನವನ್ನು ಯಾರೂ ಬಿಟ್ಟಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯ ಕಾರ್ಯಸಿದ್ಧಿಯನ್ನು ದೈವ, ಪುರುಷಕಾರ (ಪ್ರಯತ್ನ) ಎರಡರ ಮೇಲೂ ನಿಲ್ಲಿಸಿ, ಒಂದೇ ಗಾಲಿಯಿಂದ ರಥ ಸಾಗದು ಅನ್ನುತ್ತೆ. ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕದಲ್ಲಿ ಕರ್ಮಕ್ಕೆ ಐದು ಕಾರಣ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದು ದೈವ. ಐದರಲ್ಲಿ ಒಂದು!

ಬಳಕೆಗೆ ಬರುವ ವಿಂಗಡಣೆ ದೃಢ, ದೃಢಾದೃಢ, ಅದೃಢ. ಒಂದು ಫಲವನ್ನು ಲಗ್ನದಿಂದ, ಚಂದ್ರನಿಂದ, ರವಿಯಿಂದ ಮೂರು ಸಲ ನೋಡಿ, ನವಾಂಶದಲ್ಲಿ ಒಮ್ಮೆ ತಾಳೆ ಹಾಕಿ. ನಾಲ್ಕೂ ಕಡೆ ಅದೇ ಬಂದರೆ ದೃಢ. ಒಂದೇ ಕಡೆ ಬಂದರೆ ಅದೃಢ, ಅದು ಪೂರ್ತಿ ಪ್ರಯತ್ನದ ಕೈಯಲ್ಲಿದೆ. ಎರಡು-ಮೂರು ಕಡೆ ಬಂದದ್ದು ನಡುವಿನದು, ಬಹುಪಾಲು ಜೀವನ ಇರೋದು ಅಲ್ಲೇ. ಇಲ್ಲಿ ಗುರು ಮೂರೂ ಲಗ್ನದಿಂದ ಕೇಂದ್ರದಲ್ಲಿದ್ದಾನೆ (7, 4, 1), ನವಾಂಶದಲ್ಲಿ ಕೈಕೊಟ್ಟಿದ್ದಾನೆ. ದೃಢಾದೃಢ.

ಇನ್ನು ಹೊಂದಿಸುವ ಕ್ರಮ. 4 ಮತ್ತು 7ರ ಒಡೆಯನ ಭುಕ್ತಿಯಲ್ಲಿ ಓದು, ಮನೆ-ಜಮೀನು, ಪಾಲುದಾರಿಕೆಯ ವಿಷಯ ಮೇಲೆ ಬರುತ್ತೆ. 19ರಲ್ಲಿ ಬರುವ ಚಂದ್ರ-ಗುರು ಓದಿನ ಕಾಲ. ಪರೀಕ್ಷೆ, ಪ್ರವೇಶ ಮುಂದೂಡೋದು ಬೇಡ. 36-38ರ ರಾಹು-ಗುರುವಿನಲ್ಲಿ ಪಾಲುದಾರಿಕೆ ಹುಡುಕಿಕೊಂಡು ಬರಬಹುದು, ಆದರೆ 7 ಬಾಧಕ, ಗುರು ಅಸ್ತ. ಬಾಯಿಮಾತಿನಲ್ಲಿ ಬಿಡದೆ ಕರಾರು ಬರೆಸಿ, ನೋಂದಾಯಿಸಿ, ಲೆಕ್ಕ ಪ್ರತ್ಯೇಕ ಇಡಿ. ಇದೇ ನಿಜವಾದ ಪರಿಹಾರ, ಹೋಮಕ್ಕಿಂತ ಅಗ್ಗ. ನಂತರದ ರಾಹು-ಶನಿಯಲ್ಲಿ ಹೊಸದನ್ನು ಶುರು ಮಾಡದೆ, ಹಿಡಿದ ಕೆಲಸವನ್ನೇ ದಿನವೂ ಎಳೆಯೋದು. ಫಲ ತಡವಾಗಿ ಬರುತ್ತೆ ಅಂತ ನಡುವೆ ಬಿಡೋದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಸಂದೇಹಿ

ಕರಾರು ಬರೆಸಿ, ಪರೀಕ್ಷೆ ಮುಂದೂಡಬೇಡಿ, ಹಿಡಿದ ಕೆಲಸ ಬಿಡಬೇಡಿ. ಇದಕ್ಕೆ ಗುರು ಯಾಕೆ ಬೇಕು? 28 ತಿಂಗಳ ಕಿಟಕಿಯಲ್ಲಿ ಯಾರಿಗಾದರೂ ಏನಾದರೂ ಆಗೇ ಆಗುತ್ತೆ.

ಖಗೋಳವಿಜ್ಞಾನಿ ಜಯಂತ ನಾರ್ಳಿಕರ್ ಮಹಾರಾಷ್ಟ್ರದಲ್ಲಿ ನಡೆಸಿದ ಪರೀಕ್ಷೆ ನೆನಪಿಸ್ತೇನೆ. 100 ಬುದ್ಧಿವಂತ ವಿದ್ಯಾರ್ಥಿಗಳು, 100 ಬುದ್ಧಿಮಾಂದ್ಯ ಮಕ್ಕಳು, ಒಟ್ಟು 200 ಜಾತಕ. 27 ಜ್ಯೋತಿಷಿಗಳು ತಲಾ 40 ಜಾತಕ ನೋಡಿ ಯಾವುದು ಯಾರದ್ದು ಅಂತ ಹೇಳಬೇಕಿತ್ತು. ಅತಿ ಹೆಚ್ಚು ಸರಿ ಹೇಳಿದವರ ಅಂಕ 40ಕ್ಕೆ 24. ನಾಣ್ಯ ಚಿಮ್ಮಿದರೂ 20 ಬರುತ್ತೆ, 27 ಜನ ಚಿಮ್ಮಿದರೆ ಒಬ್ಬರಿಗೆ 24 ಬರೋದು ಆಶ್ಚರ್ಯವಲ್ಲ. ಗಜಕೇಸರಿ, ಹಂಸ ಇಂಥದ್ದಕ್ಕೆ ಬುದ್ಧಿಯ ಫಲ ಹೇಳೋದು ನಿಮ್ಮ ಗ್ರಂಥವೇ ತಾನೇ?

ದಶಾನಾಥ

ಆ ಪರೀಕ್ಷೆಯ ಫಲಿತಾಂಶಕ್ಕೆ ನನ್ನಲ್ಲಿ ಉತ್ತರವಿಲ್ಲ, ಇದೆ ಅಂತ ನಟಿಸೋದೂ ಇಲ್ಲ. ನಾನು ಹೇಳಿದ್ದು ಶಾಸ್ತ್ರದ ಒಳಗಿನ ಮಾತು: ಜಾತಕ ನೋಡಿಸುವವರಿದ್ದಾರೆ, ನೋಡುವವರು ಶಾಸ್ತ್ರದ ಷರತ್ತನ್ನಾದರೂ ಪೂರ್ತಿ ಹಾಕಲಿ. ಎಂಟು ಯೋಗದ ಪಟ್ಟಿ ಕೊಟ್ಟು ಅಸ್ತಾಂಶ ಮುಚ್ಚಿಡೋದು ಶಾಸ್ತ್ರಕ್ಕೂ ಮೋಸ.

ಸಂದೇಹಿ

ಅಷ್ಟು ಹೇಳಿದರೆ ನನ್ನ ತಕರಾರು ಅರ್ಧ ಕಡಿಮೆ. ಉಳಿದರ್ಧ ಇರಲಿ.

ಕುತೂಹಲಿ

ಕೊನೆಯದು. ಭುಕ್ತಿಯನ್ನು ತಿಂಗಳ ಮಟ್ಟಕ್ಕೆ ಹೇಳಿದಿರಿ. ಅಷ್ಟು ನಿಖರತೆ ಇದೆಯಾ?

ಪಂಚಾಂಗಪ್ರಿಯ

ಇಲ್ಲ. ಚಂದ್ರ ಗಂಟೆಗೆ ಸುಮಾರು 33' (ಕಲೆ, ಡಿಗ್ರಿಯ ಅರವತ್ತನೇ ಒಂದು ಭಾಗ) ಚಲಿಸುತ್ತಾನೆ. ನಕ್ಷತ್ರ 800', ಶುಕ್ರದಶೆ 20 ವರ್ಷ, ಒಂದು ಕಲೆಗೆ ಒಂಬತ್ತು ದಿನ. ಜನನ ಸಮಯ ಒಂದು ಗಂಟೆ ತಪ್ಪಿದರೆ ಮುಂದಿನ ಎಲ್ಲ ದಶೆ ಹತ್ತು ತಿಂಗಳು ಜಾರುತ್ತೆ. ನವಾಂಶ ಲಗ್ನ ಸುಮಾರು 13 ನಿಮಿಷಕ್ಕೇ ಬದಲು. ‘ಸಂಜೆ ದೀಪ ಹಚ್ಚೋ ಹೊತ್ತು’ ಅಂತ ಅಜ್ಜಿ ಹೇಳಿದ ಸಮಯದ ಮೇಲೆ ನವಾಂಶ ಲಗ್ನ ಹಾಕಬೇಡಿ. ಆಸ್ಪತ್ರೆಯ ದಾಖಲೆ ಇದ್ದರೆ ಅದು, ಇಲ್ಲದಿದ್ದರೆ ಮದುವೆ, ಮೊದಲ ಕೆಲಸ, ಮನೆಯಲ್ಲಿ ಆದ ಸಾವು ಇಂಥ ದಿನಾಂಕ ಗೊತ್ತಿರುವ ನಾಲ್ಕೈದು ಘಟನೆ ಇಟ್ಟು ಭುಕ್ತಿಯ ಜೊತೆ ತಾಳೆ ನೋಡಿ.

ಅಯನಾಂಶದ್ದು ಇನ್ನೂ ದೊಡ್ಡ ಗಂಡಾಂತರ. ನಮ್ಮ ಕಡೆ ಹಳೆ ಜಾತಕಗಳಲ್ಲಿ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶ ಸಿಗುತ್ತೆ, ಆಪ್‌ಗಳಲ್ಲಿ ಸಾಮಾನ್ಯವಾಗಿ ಲಾಹಿರಿ. ವ್ಯತ್ಯಾಸ ಸುಮಾರು 1°27'. ಈ ಮಾದರಿಗೆ ರಾಮನ್ ಹಾಕಿದರೆ ಚಂದ್ರ 21°27', ಶುಕ್ರ ಶಿಷ್ಟ 10 ವರ್ಷದ ಬದಲು 7 ವರ್ಷ 10 ತಿಂಗಳು. ಯಾವ ಗ್ರಹವೂ ರಾಶಿ ದಾಟಲ್ಲ, ಎಂಟು ಯೋಗವೂ ಹಾಗೇ ಇರುತ್ತವೆ. ಆದರೆ ರಾಹು-ಗುರು ಭುಕ್ತಿ 33 ವರ್ಷ 6 ತಿಂಗಳಿಂದ 35 ವರ್ಷ 11 ತಿಂಗಳಿಗೆ ಬರುತ್ತೆ. ಲಾಹಿರಿಯ ಅದೇ ಭುಕ್ತಿಯ ಜೊತೆ ಹೊಂದೋದು ಮೂರೇ ತಿಂಗಳು. ಹಳೆ ಜಾತಕವನ್ನು ಹೊಸ ಆಪ್ ಜೊತೆ ಇಟ್ಟು ನೋಡುವವರು ಮೊದಲು ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಯನಾಂಶ ಯಾವುದಿದೆ ನೋಡಿ.